ಗವಿರಂಗಯ್ಯನ ನಿದ್ದೆಗೆ ಬಿದ್ದ ಡ್ಯೂಟಿ

ನಮ್ಮೂರಿನ ಪೊಲೀಸರು ಡ್ಯೂಟಿಗೆ ಬರುವಾಗ ನಿದ್ದೆಯನ್ನು ಠಾಣೆಯ ಸಾಮಾನು ಕೋಣೆಯಾದ ಮಾಲ್ಖಾನೆಯಲ್ಲಿ ಇಟ್ಟು ಹೋಗಬೇಕು. ಇದು ಯಾವ ಕಾಲದ ನಿಯಮವೋ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಬೆಲ್ಟು, ಟೋಪಿ, ಲಾಠಿ ಕೊಟ್ಟು, ‘ಡಬ್ಬಿ ಮಾತ್ರ ನೀನೇ ಮನೆಯಿಂದ ತರಬೇಕು’ ಎಂದಿದ್ದರು. ಬರುವುದು, ಡಬ್ಬಿಯ ಮುಚ್ಚಳ ತೆಗೆದು ಮೂರು ಸಲ ಬಾಯಿ ತುಂಬ ಆಕಳಿಸುವುದು, ಮುಚ್ಚಳ ಬಿಗಿದು ಕೊಟ್ಟು ರೋಲ್ ಕಾಲ್‌ಗೆ ಓಡುವುದು. ಡ್ಯೂಟಿ ಮುಗಿದ ಮೇಲೆ ಡಬ್ಬಿ ಇಸಿದುಕೊಂಡು ಮನೆಗೆ ಹೋಗಿ ಮುಚ್ಚಳ ತೆಗೆದು ಮೂಗಿಗೆ ಹಿಡಿದರೆ ಮುಗಿಯಿತು, ಗೊರಕೆ. ಅಧಿಕಾರಿಗಳಿಗೆ ಈ ನಿಯಮವಿಲ್ಲ. ಅವರು ಆಫೀಸಿನಲ್ಲೇ ಮಲಗುವವರಾದ್ದರಿಂದ ತರುವ, ಒಯ್ಯುವ ತಾಪತ್ರಯ ಅವರಿಗೇಕೆ ಎಂದು ಯಾರೋ ಹಿರಿಯರು ಯೋಚಿಸಿರಬೇಕು.

ನಾನು ಓಬಳೇಶ. ಹತ್ತೊಂಬತ್ತು ವರ್ಷ ಆ ಮಾಲ್ಖಾನೆ ನೋಡಿಕೊಂಡವನು. ಕೋಣೆಯ ಒಂದು ಕಡೆ ಕಳ್ಳರಿಂದ ಹಿಡಿದು ತಂದ ಸೈಕಲ್ಲು, ಪಂಪ್‌ಸೆಟ್ಟು, ವಾರಸುದಾರರಿಲ್ಲದ ಒಂದು ತೊಟ್ಟಿಲು. ಇನ್ನೊಂದು ಕಡೆ ಮೂರು ಹಲಗೆ, ಅದರ ಮೇಲೆ ಇಪ್ಪತ್ತೆರಡು ಜನರ ನಿದ್ದೆ. ಚೀಟಿ ಅಂಟಿಸುವ ಗೋಜಿಗೆ ನಾನು ಹೋದವನಲ್ಲ. ಕೈಯಲ್ಲಿ ಹಿಡಿದರೆ ಯಾರದೆಂದು ಗೊತ್ತಾಗುತ್ತಿತ್ತು. ಕೆಲವರದು ಹಗುರ, ಅಲ್ಲಾಡಿಸಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸಬೇಕು. ಕೆಲವರದು ಹಲಗೆಯನ್ನೇ ಬಗ್ಗಿಸುವಂಥದ್ದು. ಹೆಡ್ ಕಾನ್‌ಸ್ಟೇಬಲ್ ಗವಿರಂಗಯ್ಯನ ಡಬ್ಬಿ ಮಾತ್ರ ಸದಾ ಬೆಚ್ಚಗಿರುತ್ತಿತ್ತು. ಕಿವಿ ಇಟ್ಟರೆ ಪಕ್ಕದ ಮನೆಯಲ್ಲಿ ಯಾರೋ ಊಟಕ್ಕೆ ಕುಳಿತು ಮಾತಾಡುತ್ತಿರುವ ಹಾಗೆ ಕೇಳಿಸುತ್ತಿತ್ತು.

ಇದು ಆಶ್ಚರ್ಯದ ಮಾತೇ. ಯಾಕೆಂದರೆ ಎಚ್ಚರವಿದ್ದಾಗ ಗವಿರಂಗಯ್ಯ ಮಾತಾಡಿದ್ದನ್ನು ಕೇಳಿದವರಿಲ್ಲ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವನ ಬಳಿ ಉಳಿದದ್ದು ನಾಲ್ಕು ಮಾತು: ‘ಹೌದು ಸಾರ್’, ‘ಇಲ್ಲ ಸಾರ್’, ‘ನಡಿ’, ‘ಸಹಿ ಹಾಕು’. ಈ ನಾಲ್ಕರಲ್ಲಿ ಹೆಂಡತಿಯ ಹತ್ತಿರ ಆಡುವುದಕ್ಕೆ ಯಾವುದು ಬರುತ್ತದೆ, ನೀವೇ ಹೇಳಿ. ಮನೆಗೆ ಬಂದರೆ ಗೋಡೆ ನೋಡಿಕೊಂಡು ಉಣ್ಣುವುದು, ಮಲಗುವುದು. ಆದರೆ ಮಲಗಿದನೋ, ಆಗ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ‘ಹೊನ್ನೀ, ಊಟ ಆಯ್ತಾ? ಕಾಲು ನೋವು ಹೆಂಗೈತೆ?’ ಎಂದು ಶುರು ಮಾಡಿದರೆ ಹೆಂಡತಿ ಹೊನ್ನಮ್ಮ ಪಕ್ಕದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಉತ್ತರ ಕೊಡುತ್ತಿದ್ದಳು. ಮದುವೆಯಾದ ತಿಂಗಳಲ್ಲೇ ಆಕೆಗೆ ಈ ಮರ್ಮ ತಿಳಿದಿತ್ತಂತೆ. ಮಗಳನ್ನು ಯಾವ ಶಾಲೆಗೆ ಹಾಕುವುದು, ಅಳಿಯ ಯಾರಾಗಬೇಕು, ಅತ್ತೆ ಸತ್ತಾಗ ಯಾರ್‍ಯಾರಿಗೆ ಹೇಳಿ ಕಳಿಸುವುದು, ಎಲ್ಲವೂ ತೀರ್ಮಾನವಾದದ್ದು ಅವನ ನಿದ್ದೆಯಲ್ಲೇ. ಎದ್ದ ಮೇಲೆ ಅವನಿಗೆ ಒಂದೂ ನೆನಪಿರುತ್ತಿರಲಿಲ್ಲ. ಅಳಿಯನನ್ನು ಮದುವೆ ಮಂಟಪದಲ್ಲಿ ಮೊದಲ ಸಲ ನೋಡಿ ‘ನಡಿ’ ಎಂದವನು ಅವನು.

ಹೀಗೇ ಇನ್ನು ಹನ್ನೊಂದು ತಿಂಗಳು ಕಳೆದಿದ್ದರೆ ಗವಿರಂಗಯ್ಯ ನಿವೃತ್ತನಾಗಿ, ಡಬ್ಬಿ ಮನೆಗೆ ಒಯ್ದು ದಿನವಿಡೀ ಮಲಗಿ ಮಾತಾಡಬಹುದಿತ್ತು. ಅಷ್ಟರಲ್ಲಿ ಠಾಣೆಗೆ ಹೊಸ ಅಧಿಕಾರಿಯಾಗಿ ಪ್ರದ್ಯುಮ್ನ ಸಾಹೇಬರು ಬಂದರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಇವರು ಒಗೆಯಲು ಹಿಡಿದ ಗೋಣಿ ನಾವು.

ಮೊದಲ ದಿನವೇ ಎಲ್ಲರನ್ನೂ ಬಿಸಿಲಿನಲ್ಲಿ ನಿಲ್ಲಿಸಿ, ಸಿಬ್ಬಂದಿಯ ಮನೋಬಲ ಮತ್ತು ಕ್ಷೇಮವೇ ತಮ್ಮ ಗುರಿ ಎಂದು ಒಂದೂವರೆ ಗಂಟೆ ಹೇಳಿದರು. ಇಬ್ಬರು ತಲೆ ತಿರುಗಿ ಬಿದ್ದರು. ಬಿದ್ದವರ ಕೈಗೇ ಮೊದಲು ಫಾರಂ ಕೊಟ್ಟರು. ಅದರಲ್ಲಿ ‘ನಿಮ್ಮ ಮನೋಬಲ ಎಷ್ಟು?’ ಎಂಬ ಪ್ರಶ್ನೆ ಇತ್ತು. ನಮ್ಮ ಇಲಾಖೆಯಲ್ಲಿ ಬಲ ಎಂದರೆ ಒಂದೇ ಅರ್ಥ, ತಲೆ ಎಣಿಕೆ. ಗವಿರಂಗಯ್ಯ ಬಹಳ ಹೊತ್ತು ಯೋಚಿಸಿ ಬರೆದ: ‘ಮಂಜೂರಾದ ಬಲ ಮೂವತ್ತೆಂಟು, ಹಾಲಿ ಇಪ್ಪತ್ತೆರಡು, ಖಾಲಿ ಹದಿನಾರು.’ ಅವನದನ್ನು ನೋಡಿಕೊಂಡು ಉಳಿದವರೆಲ್ಲ ಹಾಗೇ ಬರೆದರು. ಸಾಹೇಬರು ಅದನ್ನು ಕೂಡಿಸಿ, ಭಾಗಿಸಿ, ಠಾಣೆಯ ಮನೋಬಲ ಶೇಕಡಾ ಐವತ್ತೆಂಟು ಇದೆ, ಏರಿಸಬೇಕು ಎಂದು ಮೇಲಿನವರಿಗೆ ವರದಿ ಕಳಿಸಿದರು. ಖಾಲಿ ಇರುವ ಹದಿನಾರು ಜಾಗಕ್ಕೆ ಜನರನ್ನು ತುಂಬಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಏರಿಸುವ ದಾರಿ ಯಾವುದೆಂದರೆ ಪಾಳಿ ಬದಲಾಯಿಸುವುದು. ಅಲ್ಲಿಯವರೆಗೆ ನಮ್ಮದು ಎರಡೇ ಪಾಳಿ, ಬೆಳಿಗ್ಗೆ ಎಂಟರದು, ಸಂಜೆ ಎಂಟರದು. ಬೈದುಕೊಂಡೇ ಮಾಡುತ್ತಿದ್ದೆವು, ಆದರೆ ಯಾವ ಹೊತ್ತಿಗೆ ಬೈಯಬೇಕೆಂದಾದರೂ ಗೊತ್ತಿತ್ತು. ಸಾಹೇಬರು ಮೊದಲು ‘ಪಾರಿಜಾತ ಪದ್ಧತಿ’ ತಂದರು, ಎರಡೆರಡು ದಿನಕ್ಕೆ ಹೊತ್ತು ಬದಲು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಅದು ಹೋಗಿ ‘ಮಯೂರ ಪದ್ಧತಿ’ ಬಂತು, ನಾಲ್ಕು ಗಂಟೆ ಡ್ಯೂಟಿ, ನಾಲ್ಕು ಗಂಟೆ ಮನೆ. ಮನೆ ದೂರವಿದ್ದವರು ದಾರಿಯಲ್ಲೇ ಸಂಸಾರ ಮಾಡಿದರು. ಆಮೇಲೆ ‘ಗಂಗಾಪ್ರವಾಹ ಪದ್ಧತಿ’. ಅದೇನೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಗಂಗಾಪ್ರವಾಹದ ಒಂದು ಗುರುವಾರ ಎಲ್ಲರಿಗೂ ಒಟ್ಟಿಗೇ ರಜೆ ಬಂದು ಠಾಣೆಗೆ ಬೀಗ ಬಿತ್ತು. ಒಬ್ಬ ಕಳ್ಳ ತಾನಾಗಿ ಶರಣಾಗಲು ಬಂದು, ಅರ್ಧ ದಿನ ಮೆಟ್ಟಿಲ ಮೇಲೆ ಕಾದು, ಬೇಸತ್ತು ಹೊರಟುಹೋದ. ಪೇದೆಯೊಬ್ಬನ ಮಗು ಅಪ್ಪನನ್ನು ಕಂಡು ‘ಅಮ್ಮಾ, ಪೊಲೀಸ್ ಬಂದ’ ಎಂದು ಮಂಚದ ಕೆಳಗೆ ಸೇರಿಕೊಂಡಿತು. ಇದೆಲ್ಲವನ್ನೂ ಬರೆದು ಹಾಕಲು ‘ಕ್ಷೇಮ ಪೆಟ್ಟಿಗೆ’ ಎಂದು ಒಂದನ್ನು ಗೋಡೆಗೆ ಹೊಡೆದಿದ್ದರು. ಅದರ ಬೀಗದ ಕೈ ಯಾರ ಪಾಳಿಯಲ್ಲಿದೆ ಎಂದು ಗೊತ್ತಾಗದೆ ಅದನ್ನು ಯಾರೂ ತೆಗೆಯಲಿಲ್ಲ.

ಈ ಪದ್ಧತಿಗಳ ಚಾರ್ಟ್ ಬರೆಯಲು ಒಬ್ಬ ಬೇಕಿತ್ತು. ನನ್ನ ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ನನ್ನನ್ನು ಮಾಲ್ಖಾನೆಯಿಂದ ಎಬ್ಬಿಸಿ ಚಾರ್ಟ್ ಮೇಜಿಗೆ ಕೂರಿಸಿದರು. ಮಾಲ್ಖಾನೆಗೆ ದಿನಕ್ಕೊಬ್ಬರು. ಹೊಸಬರಿಗೆ ಯಾವ ಡಬ್ಬಿ ಯಾರದೆಂದು ಹೇಗೆ ತಿಳಿಯಬೇಕು? ಸಾಹೇಬರು ಬಂದು ನೋಡಿದರು. ಪ್ರತಿ ಡಬ್ಬಿಯ ಮೇಲೂ ಒಂದು ಹೆಸರು ಕೆತ್ತಿದೆ. ‘ಇಷ್ಟು ಸುಲಭ ಇದೆಯಲ್ಲ, ಹೆಸರಿನ ಪ್ರಕಾರ ಕೊಡಿ’ ಎಂದರು.

‘ಸಾರ್, ನಮ್ಮ ಕಡೆ ಸ್ಟೀಲ್ ಪಾತ್ರೆ ಮೇಲೆ ಇರೋದು ಕೊಟ್ಟೋರ ಹೆಸರು, ಇಟ್ಕೊಂಡೋರ ಹೆಸರಲ್ಲ. ಮದುವೇಲಿ ಉಡುಗೊರೆ ಕೊಡೋರು ತಮ್ಮ ಹೆಸರು ಕೆತ್ತಿಸಿ ಕೊಡ್ತಾರೆ’ ಎಂದು ನಾನು ಗಿಣಿಗೆ ಹೇಳಿದಂತೆ ಹೇಳಿದೆ.

ಸಾಹೇಬರು ನನ್ನ ಮುಖ ನೋಡಿದರು. ಅವರ ಮದುವೆಗೆ ಬಂದದ್ದು ಬರೀ ಗಾಜಿನ ಸಾಮಾನಂತೆ. ‘ಹೆಸರಿದ್ದವನದೇ ವಸ್ತು. ನಿಮಗೆ ಬದಲಾವಣೆ ಅಂದರೆ ಭಯ’ ಎಂದು ಹೇಳಿ ಹೋದರು.

ಗವಿರಂಗಯ್ಯನ ಡಬ್ಬಿ ಅವನ ಮದುವೆಗೆ ಹೊನ್ನಮ್ಮನ ಸೋದರಮಾವ ಕೊಟ್ಟದ್ದು. ಅದರ ಮೇಲೆ ‘ಟಿ. ಕರಿಬಸಪ್ಪ’ ಎಂದಿದೆ. ನಮ್ಮ ಠಾಣೆಯಲ್ಲಿ ಕರಿಬಸಪ್ಪ ಎಂಬ ಎಳೆ ಪೇದೆ ಇದ್ದಾನೆ, ಮದುವೆಯಾಗಿಲ್ಲ. ಡಬ್ಬಿ ಅವನಿಗೆ ಹೋಯಿತು. ಗವಿರಂಗಯ್ಯ ತನ್ನ ಹೆಸರು ಕೆತ್ತಿಸಿ, ಮಹಿಳಾ ಪೇದೆ ಶಶಿರೇಖಾಳ ಮದುವೆಗೆ ಒಂದು ಡಬ್ಬಿ ಕೊಟ್ಟಿದ್ದ. ಆಕೆ ಅದರಲ್ಲೇ ನಿದ್ದೆ ಇಡುತ್ತಿದ್ದಳು. ಅದು ಇವನಿಗೆ ಬಂತು. ಶಶಿರೇಖಾ ಇಲಾಖೆಯ ಕಬಡ್ಡಿ ತಂಡದ ಆಟಗಾರ್ತಿ.

ಎರಡು ದಿನ ಬಿಟ್ಟು ಹೊನ್ನಮ್ಮ ಕುಂಟುತ್ತಾ ಚಾರ್ಟ್ ಮೇಜಿನ ಮುಂದೆ ಬಂದು ನಿಂತಳು. ಮೊಣಕೈ ತರಚಿತ್ತು.

‘ಓಬಣ್ಣ, ನಮ್ಮನೆಯವ್ರನ್ನ ಯಾರಿಗ್ ಕೊಟ್ಟಿದ್ದೀರಿ?’

‘ಯಾಕಕ್ಕ, ಮನೇಗೆ ಬಂದಿಲ್ವಾ?’

‘ಬಂದವ್ರೆ, ಬರದೆ ಏನು. ಮಧ್ಯಾಹ್ನ ಮಲಗಿದ್ರು. ಏನಾದ್ರೂ ಮಾತಾಡ್ತಾರೇನೋ ಅಂತ ಪಕ್ಕದಲ್ಲಿ ಕೂತ್ಕಂಡೆ. ಉಸಿರು ಹಿಡ್ಕಂಡು ಕಬಡ್ಡಿ ಕಬಡ್ಡಿ ಅಂದ್ರು ನೋಡು, ನನ್ನ ಎರಡೂ ಕಾಲು ಹಿಡಿದು ಹೊಸಲು ತನಕ ಎಳ್ಕಂಡು ಬಂದ್ರು. ಬೀದಿಯೋರೆಲ್ಲ ನೋಡಿದ್ರು. ಔಟ್ ಅಂತ ಕೂಗ್ತಾರೆ, ಮತ್ತೆ ಮಲಗ್ತಾರೆ.’

ನನಗೆ ನಗು ತಡೆಯಲಾಗಲಿಲ್ಲ. ಆಕೆ ನಗಲಿಲ್ಲ. ‘ನಗಬ್ಯಾಡ ಕಣಣ್ಣ. ಇಪ್ಪತ್ತಾರು ವರ್ಷ ಅವ್ರು ನನ್ನ ಮಾತಾಡ್ಸಿರೋದು ಅದ್ರಾಗೆ ಮಾತ್ರ. ಅದಿಲ್ದೆ ಹೋದ್ರೆ ನಾನು ಯಾರ ಜೊತೆ ಬಾಳ್ವೆ ಮಾಡ್ಲಿ? ಆ ಟೋಪಿ ಜೊತೇಲಾ?’ ಎಂದಳು. ನನ್ನ ನಗು ಅಲ್ಲಿಗೆ ನಿಂತಿತು.

ಅತ್ತ ಕರಿಬಸಪ್ಪನ ರೂಮಿನಲ್ಲಿ ಬೇರೆಯೇ ಪುರಾಣ. ಇಪ್ಪತ್ತಾರರ ಹುಡುಗ ಮಲಗಿದ ಕೂಡಲೇ ಮುದುಕನ ದನಿಯಲ್ಲಿ ‘ಹೊನ್ನೀ, ಹಿತ್ತಲ ಬಾಗ್ಲಿಗೆ ಚಿಲಕ ಹಾಕಿದ್ಯಾ? ಆ ಮಾತ್ರೆ ನುಂಗಿದ್ಯಾ?’ ಎಂದು ಕೇಳತೊಡಗಿದ. ಜೊತೆಯವರು ಮೊದಲು ಕಾಡಿಸಿದರು. ಆಮೇಲೆ ಒಬ್ಬೊಬ್ಬರೇ ಅವನ ಮಂಚದ ಪಕ್ಕ ಬಂದು ಕೂರಲು ಶುರು ಮಾಡಿದರು. ಗಂಗಾಪ್ರವಾಹದಲ್ಲಿ ಕೊಚ್ಚಿಹೋದವರಿಗೆ, ಮಾತ್ರೆ ನುಂಗಿದೆಯಾ ಎಂದು ಕೇಳುವವರು ಅಂತ ಒಬ್ಬ ಸಿಕ್ಕಿದನಲ್ಲ. ಒಬ್ಬ ಅತ್ತನಂತೆ. ಸುದ್ದಿ ಸಾಹೇಬರ ಕಿವಿಗೆ ಬಿತ್ತು.

ಡಬ್ಬಿಗಳು ಅದಲುಬದಲಾದ ತಪ್ಪನ್ನು ನಾನು ಬರೆದು ಸಾಹೇಬರಿಗೆ ಒಪ್ಪಿಸಿದೆ. ಶಶಿರೇಖಾಳ ನಿದ್ದೆ ಆಕೆಗೆ ಮರಳಿತು. ಕರಿಬಸಪ್ಪನ ಸ್ವಂತದ್ದು ಮೂಲೆಯಲ್ಲಿದ್ದದ್ದು ಸಿಕ್ಕಿತು, ಅವನಿಗೆ ಕೊಟ್ಟೆವು. ಗವಿರಂಗಯ್ಯನದನ್ನು ಮಾತ್ರ ಸಾಹೇಬರು ತಮ್ಮ ಬಂಗಲೆಗೆ ತರಿಸಿಕೊಂಡರು. ಇಷ್ಟು ಕ್ಷೇಮ ಉಂಟುಮಾಡುವ ನಿದ್ದೆಯನ್ನು ಖುದ್ದು ಪರಿಶೀಲಿಸಬೇಕು ಎಂದರು. ಮೂರು ಪದ್ಧತಿಗಳನ್ನು ಕಂಡುಹಿಡಿಯುವುದರಲ್ಲಿ ಅವರ ನಿದ್ದೆಯೇ ಹಾರಿಹೋಗಿತ್ತು ಎಂಬುದು ಬಂಗಲೆಯ ಕೆಲಸಕ್ಕಿದ್ದ ಆರ್ಡರ್ಲಿಯವರಿಂದ ನಮಗೆ ಆಮೇಲೆ ತಿಳಿಯಿತು. ಪರಿಶೀಲನೆ ಒಂದು ವಾರವಾಯಿತು, ಮೂರು ವಾರವಾಯಿತು, ನಲವತ್ತು ದಿನವಾಯಿತು.

ನಲವತ್ತು ದಿನ ಗವಿರಂಗಯ್ಯ ನಿದ್ದೆ ಇಲ್ಲದೆ ಬದುಕಿದ. ಬದುಕಿದ ಎಂದರೆ ನಡೆದಾಡಿದ, ಅಷ್ಟೆ. ಕಣ್ಣು ಕೆಂಡದ ಹಾಗೆ ಕೆಂಪು. ಮನೆಯಲ್ಲಿ ಅಂಗಾತ ಬಿದ್ದುಕೊಂಡು ತೊಲೆ ಎಣಿಸುತ್ತಿದ್ದ. ಯೂನಿಫಾರಂ ಬಿಚ್ಚುವುದನ್ನೇ ಮರೆತ. ಸಂತೆ ಬೀದಿಯಲ್ಲಿ ಒಂದು ಕಲ್ಲುಕಂಬಕ್ಕೆ ಸಲ್ಯೂಟ್ ಹೊಡೆದು, ಅದು ತಿರುಗಿ ಹೊಡೆಯಲಿಲ್ಲವೆಂದು ಅಲ್ಲೇ ಕಾದು ನಿಂತಿದ್ದನ್ನು ನಾನೇ ಕಣ್ಣಾರೆ ಕಂಡೆ. ಅವನ ಫಾರಂನಲ್ಲಿ ಸಾಹೇಬರು ‘ಸದಾ ಜಾಗೃತ, ಮೆಚ್ಚುಗೆ’ ಎಂದು ಬರೆದರು. ಹೊನ್ನಮ್ಮ ಇಳಿದುಹೋದಳು. ‘ಓಬಣ್ಣ, ಹಿಂಗೇ ಬಿಟ್ರೆ ಇವ್ರು ಉಳಿಯಲ್ಲ. ನೀನೇ ಕರ್ಕಂಡ್ ಹೋಗು, ನಾನೇ ಕೇಳ್ತೀನಿ’ ಎಂದು ಒಂದು ಸೋಮವಾರ ಮಧ್ಯಾಹ್ನ ಬಂದು ನಿಂತಳು. ಮೂವರೂ ಬಂಗಲೆಗೆ ಹೋದೆವು. ಗೇಟಿನ ಹತ್ತಿರ ಬರುತ್ತಲೇ ಗವಿರಂಗಯ್ಯ ಅಟೆನ್ಷನ್ ನಿಂತುಬಿಟ್ಟ. ಒಳಗೆ ಬಾ ಎಂದರೆ ಅಲ್ಲಾಡಲಿಲ್ಲ.

ಬಾಗಿಲು ತೆಗೆದವರು ಸಾಹೇಬರ ಹೆಂಡತಿ, ವಸುಂಧರಾ ಮೇಡಂ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಕುರ್ಚಿ ಹಾಕಿ ಕೂರಿಸಿ, ಒಳಗಿನಿಂದ ಕೊಬ್ಬರಿ ಮಿಠಾಯಿ ತಂದರು. ತಂದದ್ದು ಯಾವುದರಲ್ಲಿ ಎಂದರೆ ಆ ಡಬ್ಬಿಯಲ್ಲೇ. ಹೊನ್ನಮ್ಮ ಸೋದರಮಾವನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಿಠಾಯಿಯನ್ನೆಲ್ಲ ತಟ್ಟೆಗೆ ಸುರಿದು, ಸೆರಗಿನಿಂದ ಡಬ್ಬಿ ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡಳು.

‘ಇದ್ರೊಳಗೆ ಇದ್ದದ್ದು ಕೊಡಿ ಅಮ್ಮಾವ್ರೆ.’

ಮೇಡಂ ತಲೆ ತಗ್ಗಿಸಿದರು. ‘ನನಗೆ ಗೊತ್ತು, ಅದು ನಿಮ್ಮದು. ಆದರೆ ಹೊನ್ನಮ್ಮ, ಹದಿನಾಲ್ಕು ವರ್ಷದಲ್ಲಿ ನಮ್ಮವರು ನನ್ನನ್ನ ಒಂದು ಸಲ ಊಟ ಆಯ್ತಾ ಅಂತ ಕೇಳಿರಲಿಲ್ಲ. ಈಗ ದಿನಾ ಕೇಳ್ತಾರೆ. ಹೊನ್ನೀ ಅಂತಲೇ ಕರೀತಾರೆ, ಕರೀಲಿ ಬಿಡಿ, ನಾನು ಹೂಂ ಅಂತೀನಿ. ಕಾಲು ನೋವು ಹೇಗಿದೆ ಅಂತಾರೆ. ನನಗೆ ಕಾಲು ನೋವೇ ಇರಲಿಲ್ಲ. ಕೇಳೋರಿದ್ದಾರಲ್ಲ ಅಂತ ಈಚೆಗೆ ಸ್ವಲ್ಪ ಶುರುವಾಗಿದೆ.’

ಹೊನ್ನಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕನಿಕರ. ಅದು ಆಕೆಯ ಮುಖದಲ್ಲೇ ಕಂಡಿತು. ‘ಒಂದ್ಸಲ ಮಾತಾಡಿಸ್ಲಾ?’ ಎಂದಷ್ಟೇ ಕೇಳಿದಳು.

ಸಾಹೇಬರು ಒಳಕೋಣೆಯ ಮಂಚದ ಮೇಲೆ ರೇಷ್ಮೆ ದಿಂಬು ಅಪ್ಪಿಕೊಂಡು ಮಲಗಿದ್ದರು. ಮಯೂರ ಪದ್ಧತಿ, ಗಂಗಾಪ್ರವಾಹ ಪದ್ಧತಿ ಯಾವುದೂ ಅವರನ್ನು ಮುಟ್ಟಿದ ಹಾಗೆ ಕಾಣಲಿಲ್ಲ. ಹೊನ್ನಮ್ಮ ತಲೆದೆಸೆಯಲ್ಲಿ ನೆಲದ ಮೇಲೆ ಕುಳಿತಳು, ಮನೆಯಲ್ಲಿ ಕೂರುವ ಹಾಗೆ.

‘ಏನ್ರೀ, ನಾನು.’

ಸಾಹೇಬರ ಮೀಸೆ ಅಲ್ಲಾಡಿತು. ಬಂದ ದನಿ ಗವಿರಂಗಯ್ಯನದು. ‘ಹೊನ್ನೀ. ಎಲ್ಲಿಗೋಗಿದ್ಯೇ ಇಷ್ಟು ದಿನ?’

ಆಕೆಯ ಕಣ್ಣಲ್ಲಿ ನೀರು ತುಂಬಿತು. ‘ನಾನೆಲ್ಲೂ ಹೋಗಿಲ್ಲ, ನೀವೇ ಬಂದಿರೋದು ಇಲ್ಲಿಗೆ. ಏಳ್ರಿ, ಮನೆಗೆ ಹೋಗಾಣ.’

‘ಬತ್ತೀನಿ ಕಣೆ. ಡ್ಯೂಟಿ ಮೇಲಿದ್ದೀನಲ್ಲ. ಸಾಹೇಬ್ರು ಮಲಗವ್ರೆ, ಮೆಲ್ಲಗ್ ಮಾತಾಡು.’

‘ಮಲಗಿರೋದು ನೀವಲ್ವೇನ್ರೀ?’

‘ನಾನೆಲ್ಲಿ ಮಲಗ್ಲಿ. ನಾನು ಕಾಯ್ತಾ ಇದ್ದೀನಿ.’

ಆಹಾ, ನಮ್ಮ ಇಲಾಖೆಯೇ ಎಂದುಕೊಂಡೆ. ಆಳನ್ನು ದುಡಿಸಿಕೊಂಡದ್ದು ಸಾಲದೆ, ಅವನ ನಿದ್ದೆಯನ್ನೂ ಸಾಹೇಬರ ಮಂಚದ ಪಕ್ಕ ಪಹರೆಗೆ ನಿಲ್ಲಿಸಿದೆ. ಹೊನ್ನಮ್ಮ ಎಷ್ಟು ಕರೆದರೂ ಅದೇ ಉತ್ತರ. ಮೇಡಂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, ‘ನೀವು ಬೇಕಾದರೆ ದಿನಾ ಮಧ್ಯಾಹ್ನ ಬಂದು ಅರ್ಧ ಗಂಟೆ ಮಾತಾಡಿಕೊಂಡು ಹೋಗಿ ಹೊನ್ನಮ್ಮ. ನಾನು ಬೇಡ ಅನ್ನಲ್ಲ’ ಎಂದರು. ಮನಸ್ಸಿನಿಂದಲೇ ಹೇಳಿದರು.

‘ಜೈಲಲ್ಲಿರೋರ ಮನೆಯೋರ್ಗೂ ಅಷ್ಟೇ ಹೊತ್ತು ಕೊಡೋದು ಅಮ್ಮಾವ್ರೆ’ ಎಂದು ಹೊನ್ನಮ್ಮ ಎದ್ದಳು.

ಗೇಟಿಗೆ ಬಂದು ಗಂಡನ ಮುಂದೆ ನಿಂತು, ಎಲ್ಲವನ್ನೂ ಹೇಳಿದಳು. ಎಚ್ಚರವಿರುವ ಗಂಡನಿಗೆ ಆಕೆ ಅಷ್ಟು ಮಾತು ಹೇಳಿದ್ದು ಅದೇ ಮೊದಲಿರಬೇಕು. ಗವಿರಂಗಯ್ಯ ಕೆಂಪು ಕಣ್ಣು ಮಿಟುಕಿಸದೆ ಕೇಳಿಸಿಕೊಂಡ. ಕೊನೆಗೆ ಬಾಯಿ ಬಿಟ್ಟ.

‘ನಲವತ್ತು ದಿನ ಒಬ್ನೇ ನಿಂತವ್ನಾ? ಬದ್ಲಿ ಹಾಕಿಲ್ವಾ?’

ತನ್ನ ನಿದ್ದೆಯ ಮೇಲೆ ಅವನಿಗೆ ಬಂದದ್ದು, ಜೊತೆಯ ಪೇದೆಯೊಬ್ಬನ ಮೇಲೆ ಬರುವಂಥ ಮರುಕ. ಪಾಪ, ಊಟ ತಿಂಡಿ ಇಲ್ಲದೆ ಒಬ್ಬನೇ ನಿಂತಿದ್ದಾನೆ ಎಂಬಂತೆ. ಹೊನ್ನಮ್ಮ ಇಲ್ಲವೆಂದು ತಲೆಯಾಡಿಸಿದಳು. ಬದಲಿ ಬಾರದೆ ಪೊಲೀಸಿನವನು ನಿಂತ ಜಾಗ ಬಿಡುವುದಿಲ್ಲ. ಅದು ನಮ್ಮಲ್ಲಿ ಸಾಹೇಬರ ಆಜ್ಞೆಗಿಂತ ಹಳೆಯದು. ಗವಿರಂಗಯ್ಯ ಟೋಪಿ ಸರಿ ಮಾಡಿಕೊಂಡು ಒಳಗೆ ನಡೆದ. ನಾವಿಬ್ಬರೂ ಹಿಂದೆ ಓಡಿದೆವು. ಮಂಚದ ಪಕ್ಕ ಹೋಗಿ, ಬೂಟು ಜೋಡಿಸಿ ನಿಂತು, ರೂಢಿಯ ಮಾತು ಹೇಳಿದ.

‘ಬದಲಿ ಹಾಜರ್. ಚಾರ್ಜ್ ಕೊಡು.’

ಸಾಹೇಬರ ಬಾಯಿಂದ ಅವನದೇ ದನಿ ಬಂತು. ‘ಬಂದ್ಯಾ? ಎಷ್ಟು ಹೊತ್ ಮಾಡ್ದೆ ಮಾರಾಯ.’

‘ಹೂಂ. ಹೊನ್ನಿ ಕಾಯ್ತಾವ್ಳೆ. ಹೋಗು.’

ಅವನು ಎಚ್ಚರದಲ್ಲಿ ಹೆಂಡತಿಯ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸಾಹೇಬರು ನಿದ್ದೆಯಲ್ಲೇ ಬಾಯಿ ದೊಡ್ಡದು ಮಾಡಿ ಮೂರು ಸಲ ಆಕಳಿಸಿದರು. ಹೊನ್ನಮ್ಮ ಡಬ್ಬಿ ಹಿಡಿದು, ಮೂರನೆಯದು ಮುಗಿಯುತ್ತಲೇ ಮುಚ್ಚಳ ಬಿಗಿದಳು. ಮೇಡಂ ತಡೆಯಲಿಲ್ಲ. ಸಾಹೇಬರು ಕಣ್ಣು ಬಿಟ್ಟು, ಎದುರಿಗೆ ಕಂಬದ ಹಾಗೆ ನಿಂತ ಗವಿರಂಗಯ್ಯನನ್ನು ನೋಡಿದರು.

‘ಯಾರು ನೀನು? ಏನು ಡ್ಯೂಟಿ?’

‘ಸಾಹೇಬ್ರು ಮಲಗೋ ಡ್ಯೂಟಿ, ಸಾರ್. ಚಾರ್ಜ್ ತಗೊಂಡಿದ್ದೀನಿ.’

ಅರ್ಧ ಎಚ್ಚರದಲ್ಲಿದ್ದ ಸಾಹೇಬರಿಗೆ ಅದು ಸರಿಯಾಗಿಯೇ ಕೇಳಿಸಿರಬೇಕು. ‘ಗುಡ್. ಮುಂದುವರಿಸು’ ಎಂದು ಮಗ್ಗುಲಾದರು.

‘ಮುಗೀತಲ್ರೀ, ನಡೀರಿ ಮನೆಗೆ’ ಎಂದು ಹೊನ್ನಮ್ಮ ಗಂಡನ ತೋಳು ಎಳೆದಳು.

‘ಬದ್ಲಿ ಬರ್ಲಿ. ಬತ್ತೀನಿ.’

ಆಕೆ ಮುಚ್ಚಳ ಸಡಿಲಿಸಿ ಡಬ್ಬಿಯನ್ನು ಅವನ ಮೂಗಿನ ಹತ್ತಿರ ಒಯ್ದಳು. ಅವನು ಮುಖ ತಿರುಗಿಸಿದ. ಡ್ಯೂ‌ಟಿಯ ಮೇಲೆ ನಿದ್ದೆ ಮುಟ್ಟುವ ಹಾಗಿಲ್ಲವಲ್ಲ. ಆ ಪಾಠವನ್ನು ಅವನಿಗೆ ಮೂವತ್ತೊಂದು ವರ್ಷ ಕಲಿಸಿದವರು ನಾವೇ. ಹೊನ್ನಮ್ಮ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಬ್ಬಳೇ ಮನೆಗೆ ನಡೆದಳು.

ಅವತ್ತಿನಿಂದ ನಾನು ಚಾರ್ಟಿನಲ್ಲಿ ಗವಿರಂಗಯ್ಯನ ಜಾಗಕ್ಕೆ ಬದಲಿಯೆಂದು ಹನ್ನೊಂದು ಸಲ ಹೆಸರು ಬರೆದೆ. ಕರಿಬಸಪ್ಪನದು ಬರೆದೆ, ಶಶಿರೇಖಾಳದು ಬರೆದೆ, ಸಾಲದೆ ನನ್ನದೇ ಬರೆದೆ. ಹನ್ನೊಂದು ಸಲವೂ ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಅವನು ಸ್ವಂತ ಇಚ್ಛೆಯಿಂದ ನಿಂತಿದ್ದಾನೆ, ಅವನ ಮನೋಬಲ ಇಡೀ ಠಾಣೆಗೆ ಮಾದರಿ, ಕೆಡಿಸಬೇಡಿ ಎಂದರು. ಸಾಹೇಬರಿಗೆ ಈಗ ನಿದ್ದೆ ಬರುವುದಿಲ್ಲ. ಮಂಚದ ಮೇಲೆ ಕುಳಿತು ಗವಿರಂಗಯ್ಯನನ್ನು ನೋಡುತ್ತಾರೆ, ಅವನು ಇವರನ್ನು ನೋಡುತ್ತಾನೆ. ಹಾಗೆ ನೋಡುತ್ತಲೇ ‘ಹಿಮಾಲಯ ಪದ್ಧತಿ’ ಎಂಬ ನಾಲ್ಕನೆಯದನ್ನು ಕಂಡುಹಿಡಿದಿದ್ದಾರೆ. ಸಿಬ್ಬಂದಿಯ ಕ್ಷೇಮಪಾಲನೆಗೆಂದು ಅವರಿಗೆ ಪದಕವೂ ಬಂತು. ಮೇಡಂ ಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರಂತೆ.

ಹನ್ನೊಂದನೆಯ ಸಲದ ಸುದ್ದಿ ಹೇಳೋಣವೆಂದು ಮೊನ್ನೆ ಮಧ್ಯಾಹ್ನ ಹೊನ್ನಮ್ಮನ ಮನೆಗೆ ಹೋದೆ. ಜಗುಲಿಯಲ್ಲಿ ಪಕ್ಕದ ಮನೆಯ ಮುದುಕಿ ಕುಳಿತಿದ್ದಳು. ‘ಮಲಗವ್ಳೆ ಕಣಪ್ಪ, ಅದೇ ಡಬ್ಬಿ ಮೂಗಿಗೆ ಹಿಡ್ಕಂಡು’ ಎಂದಳು. ‘ಡಬ್ಬಿ ಜೊತೆ ಮಾತಾಡಕಾಗಲ್ವಂತೆ, ಅದಕ್ಕೆ ಬಾಯಿಲ್ವಲ್ಲ. ಅವ್ರು ಬರೋಗಂಟ ಅದ್ರೊಳಗಾದ್ರೂ ಇರ್ತೀನಿ ಅಂತಾಳೆ.’

ಒಳಗೆ ನಡುಮನೆಯಲ್ಲಿ ಹೊನ್ನಮ್ಮ ಚಾಪೆಯ ಮೇಲೆ ಮಲಗಿದ್ದಳು. ಕರೆಯಲೋ ಬೇಡವೋ ಎಂದು ಹೊಸಲಲ್ಲಿ ನಿಂತೆ. ಆಕೆಯ ತುಟಿ ಅಲ್ಲಾಡಿತು. ಬಂದದ್ದು ಗವಿರಂಗಯ್ಯನ ದನಿ, ದೂರದಿಂದ ನಡೆದು ದಣಿದು ಬಂದವನದು.

‘ಹೊನ್ನೀ, ಬಾಗ್ಲು ತೆಗಿಯೇ. ಬಂದೆ.’

ಬಾಗಿಲು ತೆರೆದೇ ಇತ್ತು.